ಕಾರ್ಡಿನ ಅಂಚಿನ ಮೂವತ್ತೆರಡು

ಮಾರ್ಚ್ ತಿಂಗಳ ಒಂದು ಸೋಮವಾರ ಬೆಳಿಗ್ಗೆ ಸೂರತ್‌ನ ಸೈಬರ್ ಠಾಣೆಗೆ ಬಂದ ಹುಡುಗಿ, ಇನ್‌ಸ್ಪೆಕ್ಟರ್ ಗಿರಿಧರರ ಮೇಜಿನ ಮೇಲೆ ಅಂಚೆಚೀಟಿಗಿಂತ ತುಸು ದೊಡ್ಡದಾದ ಒಂದು ಮೆಮೊರಿ ಕಾರ್ಡ್ ಇಟ್ಟಳು. ಹೆಸರು ವಿಂಧ್ಯಾ, ಊರು ಮೈಸೂರು. ವಡೋದರಾದಲ್ಲಿ ಕಲಾ ಸಂರಕ್ಷಣೆ ಓದುತ್ತಿದ್ದಳು. ಗುಜರಾತಿಯಲ್ಲಿ ಆರಂಭಿಸಿದ ದೂರು ಎರಡನೇ ವಾಕ್ಯಕ್ಕೇ ಅಳುವಾಗಿ, ಮೂರನೆಯದಕ್ಕೆ ಕನ್ನಡವಾಯಿತು.

"ಕನ್ನಡದಾಗ ಹೇಳ್ರಿ, ಅಡ್ಡಿಯಿಲ್ಲ," ಎಂದರು ಗಿರಿಧರ. "ನಮ್ಮಪ್ಪ ಧಾರವಾಡದವ್ರು, ರೈಲ್ವೆದಾಗ ಇದ್ರು. ನಾ ಹುಟ್ಟಿದ್ದು ವಡೋದರಾದಾಗ."

ಹುಡುಗಿ ಕಣ್ಣೊರೆಸಿಕೊಂಡಳು. "ಸರ್, ಇದನ್ನ ಇಲ್ಲೇ ಸೂರತ್‌ನ ಅಂಗಡೀಲಿ ತಗೊಂಡೆ. ಇದರ ಮೇಲೆ ಐನೂರ ಹನ್ನೆರಡು ಜಿಬಿ ಅಂತ ಬರ್ದಿದೆ. ಸುಳ್ಳು. ಮೊದಲನೇ ಮುನ್ನೂರು ಫೋಟೋ ಮಾತ್ರ ಇದೆ. ಆಮೇಲಿನ ಮೂರು ಸಾವಿರಕ್ಕೂ ಬರೀ ಹೆಸರಿದೆ, ಒಳಗೆ ಏನೂ ಇಲ್ಲ."

"ಅಷ್ಟು ದೊಡ್ಡ ಕಾರ್ಡ್ ಯಾಕ ಬೇಕಾತು?"

"ಒಂದೊಂದು ಫೋಟೋನೂ ನೂರು ಎಂಬಿ. ಹಳೇ ಮನೆ ಸೂರಿನ ಮೇಲಿನ ಚಿತ್ರ ಸರ್, ಏಣಿ ಮೇಲೆ ನಿಂತ್ಕೊಂಡು ಕಾರ್ಡ್ ಬದಲಾಯಿಸೋದು ಕಷ್ಟ. ಒಂದೇ ದೊಡ್ಡದು ತಗೊಂಡ್ರೆ ನಿಶ್ಚಿಂತೆ ಅಂದ್ಕೊಂಡೆ."

"ತಗೊಂಡ ಮ್ಯಾಲೆ ಪರೀಕ್ಷೆ ಮಾಡಿದ್ರೇನು?"

"ಹತ್ತು ಫೋಟೋ ತೆಗೆದು ನೋಡ್ದೆ. ಚೆನ್ನಾಗೇ ಬಂತು."

ಹೆಡ್ ಕಾನ್‌ಸ್ಟೆಬಲ್ ಸ್ವಾತಿಬೆನ್‌ಗೆ ಕನ್ನಡ ಬಾರದಿದ್ದರೂ ಕಾರ್ಡ್ ಕಂಡೇ ವಿಷಯ ತಿಳಿದಿತ್ತು; ಉಳಿದದ್ದನ್ನು ಗಿರಿಧರ ಗುಜರಾತಿಯಲ್ಲಿ ಹೇಳಿದರು. "ಹತ್ತಕ್ಕೇನು ಸಾಹೇಬ್, ಇನ್ನೂರಕ್ಕೂ ಚೆನ್ನಾಗೇ ಬರುತ್ತೆ. ಕಂಠದವರೆಗೆ ತುಂಬಿಸಿ ನೋಡಿದರೆ ಮಾತ್ರ ಇವುಗಳ ಬಂಡವಾಳ ಬಯಲಾಗೋದು," ಎಂದಳು. ಇಂಥ ದೂರುಗಳು ಠಾಣೆಗೆ ಹೊಸತಲ್ಲ. ಹೊಸ ಕಾರ್ಡ್ ಕೊಡಿಸಿ ಕಳಿಸಿದರೆ ಮುಗಿಯಿತು ಎಂದೇ ಗಿರಿಧರರೂ ಎಣಿಸಿದ್ದರು.

"ಮತ್ತೊಮ್ಮೆ ಹೋಗಿ ತಗೀಲಿಕ್ಕೆ ಬರೂದಿಲ್ಲೇನು?"

"ಆ ಸೂರು ಈಗಿಲ್ಲ ಸರ್."

ಅಹಮದಾಬಾದಿನ ಹಳೆಯ ಓಣಿಯೊಂದರಲ್ಲಿ ಮಾರಾಟವಾದ ಮರದ ಮನೆ. ಅದರ ಸೂರಿನ ಹಲಗೆಗಳ ತುಂಬ ಇನ್ನೂರು ವರ್ಷದ ಹಿಂದಿನ ಚಿತ್ರ. ಗೆದ್ದಲು ಹಿಡಿದಿದ್ದ ಮನೆಯನ್ನು ಕೆಡಹುವ ಮುಂಚೆ ಮನೆಯವರು ವಿಂಧ್ಯಾಗೆ ಮೂರು ದಿನ ಕೊಟ್ಟಿದ್ದರು. ವಿದ್ಯುತ್ ಕಿತ್ತುಹಾಕಿದ ಮನೆ, ಲ್ಯಾಪ್‌ಟಾಪಿಗೆ ಜೀವವಿಲ್ಲ. ಕ್ಯಾಮೆರಾದ ಪರದೆಯಲ್ಲಿ ಎಲ್ಲವೂ ಸರಿಯಾಗಿಯೇ ಕಂಡಿತ್ತು. ಅವಳು ಮನೆ ತಲುಪಿ ಕಾರ್ಡ್ ತೆರೆಯುವಷ್ಟರಲ್ಲಿ ಹಲಗೆಗಳು ಬಡಗಿಗಳ ಕೈಯಲ್ಲಿ ಪುಡಿಯಾಗಿದ್ದವು.

ಉಳಿದದ್ದನ್ನು ತೋರಿಸಿದಳು. ಮೊದಲಿಗೆ ಒಂದು ಮೆರವಣಿಗೆ, ನೂರಾರು ಜನ. ಗಿರಿಧರ ತಲೆಯಾಡಿಸಿದರು. ಅವಳು ಚಿತ್ರವನ್ನು ಹಿಗ್ಗಿಸಿದಳು: ಒಂದು ಮಾವಿನ ಮರ. ಇನ್ನೂ ಹಿಗ್ಗಿಸಿದಳು: ಒಂದು ಎಲೆ, ಎಲೆಗೆ ನರ. ಮತ್ತೂ ಹಿಗ್ಗಿಸಿದಾಗ ಎಲೆಯ ಮೇಲೊಂದು ಇರುವೆ, ಅದರ ಬಾಯಲ್ಲಿ ಬಿಳಿಯ ಸಕ್ಕರೆ ಕಣ. ಕೆಳಗೆ ನಿಂತವರಿಗೆ ಎಂದೂ ಕಾಣದಿದ್ದ ಇರುವೆಯನ್ನು ಆ ಪುಣ್ಯಾತ್ಮ ಯಾರಿಗಾಗಿ ಬರೆದನೋ! ಗಿರಿಧರ ಕುರ್ಚಿಯಿಂದ ಎದ್ದು ನಿಂತದ್ದು ಅವರಿಗೇ ತಿಳಿಯಲಿಲ್ಲ.

"ಸ್ವಾತಿಬೆನ್, ಎಫ್‌ಐಆರ್ ಬರೀರಿ," ಎಂದರು.

ನ್ಯಾಯ ಸಂಹಿತೆಯ ವಂಚನೆ ಕಲಮಿನಡಿ ಪ್ರಕರಣ ದಾಖಲಾಯಿತು. ಮಧ್ಯಾಹ್ನ ಇಬ್ಬರು ಪಂಚರೆದುರು ಕಾರ್ಡಿನ ಜಪ್ತಿ ಪಂಚನಾಮೆ. ವಸ್ತುವಿನ ವಿವರ ಬರೆಸಬೇಕಲ್ಲ, ಗಿರಿಧರ ಖಾನೆಯಿಂದ ಐಗ್ಲಾಸ್ ತೆಗೆದರು. ವಜ್ರದವರು ಕಣ್ಣಿಗೊತ್ತಿ ಹಿಡಿಯುವ ಪುಟ್ಟ ಭೂತಗನ್ನಡಿ ಅದು. ಕಲ್ಲು ಕಳುವಾಗದ ವಾರವಿಲ್ಲದ ಸೂರತ್‌ನಲ್ಲಿ ಪೊಲೀಸರ ಬಳಿಯೂ ಇರುತ್ತದೆ. ಕಾರ್ಡಿನ ಮುಖದ ಅಕ್ಷರಗಳು ಅಸಲಿಯನ್ನೂ ನಾಚಿಸುವಂತಿದ್ದವು. ಅಂಚನ್ನು ತಿರುಗಿಸಿದರು. ಬರಿಗಣ್ಣಿಗೆ ಧೂಳಿನ ಚುಕ್ಕೆಯಂತಿದ್ದದ್ದು ಗಾಜಿನಡಿ ಎರಡು ಅಂಕೆಯಾಯಿತು. ಮೂವತ್ತೆರಡು.

ಕಾರ್ಡಿನ ನಿಜವಾದ ಅಳತೆ ಮೂವತ್ತೆರಡು ಜಿಬಿ ಎಂದು ಸ್ವಾತಿಬೆನ್ ಆಗಲೇ ಕಂಪ್ಯೂಟರಿನಲ್ಲಿ ಪರೀಕ್ಷಿಸಿ ಹೇಳಿದ್ದಳು.

"ಮೋಸ ಮಾಡುವವನು ನಿಜ ಯಾಕೆ ಬರೆಯುತ್ತಾನೆ ಸಾಹೇಬ್?"

ಗಿರಿಧರರಿಗೂ ಅದೇ ಸೋಜಿಗ. ಆದರೆ ಬರೆದದ್ದು ಯಾವ ಯಂತ್ರ ಎನ್ನುವುದರಲ್ಲಿ ಅನುಮಾನವಿರಲಿಲ್ಲ. ಇಷ್ಟು ಸಣ್ಣಕ್ಷರವನ್ನು ಈ ಊರಿನಲ್ಲಿ ವಜ್ರದ ಅಂಚಿಗೆ ನಂಬರ್ ಕೊರೆಯುವ ಲೇಸರ್ ಮಾತ್ರ ಬರೆಯಬಲ್ಲದು.

ವಿಂಧ್ಯಾಗೆ ಕಾರ್ಡ್ ಮಾರಿದ ಅಂಗಡಿಯವನು ಮೊದಲು ಗೊತ್ತಿಲ್ಲವೆಂದ. ಲಾಕಪ್ಪಿನ ಮಾತು ಬಂದೊಡನೆ ನೆನಪು ಮರಳಿತು: ತಂದು ಕೊಡುವವನ ಹೆಸರು ತಿಳಿಯದು, ವಜ್ರದ ಕೆಲಸದವರ ಬಡಾವಣೆ ವರಾಛಾದ ಕಡೆಯವನು, ನಲವತ್ತರ ಆಸುಪಾಸು, ಮಾತು ಕಡಿಮೆ.

ಮರುದಿನ ವರಾಛಾದಲ್ಲಿ ಹುಡುಕಾಟ. ವಜ್ರಕ್ಕೆ ನಂಬರ್ ಹಾಕುವ ಮೊದಲ ಎರಡು ಕೋಣೆಗಳಲ್ಲಿ ಏನೂ ಸಿಗಲಿಲ್ಲ. ಮೂರನೆಯದರಲ್ಲಿ ಸಾಲು ಯಂತ್ರಗಳಲ್ಲಿ ಒಂದೇ ಓಡುತ್ತಿತ್ತು. ಅದರ ಮುಂದಿದ್ದವನು ಗಿರಿಧರರ ಕೈಯಲ್ಲಿದ್ದ ಕಾರ್ಡ್ ನೋಡಿದ, ಯಂತ್ರ ಆರಿಸಿದ, ಎದ್ದು ನಿಂತ. ಓಡಲಿಲ್ಲ.

"ಹೆಸರು?"

"ಭೂಪತ್ ಸಾವಲಿಯಾ."

"ಇದು ನಿನ್ನ ಕೆಲಸವೇ?"

"ಹೌದು ಸಾಹೇಬ್."

"ಅಂಚಿನ ಮೇಲೆ ಮೂವತ್ತೆರಡು ಯಾಕೆ?"

ಸಾಹೇಬರು ಅದನ್ನು ಕಂಡರೆಂದು ಭೂಪತ್‌ಗೆ ಆಶ್ಚರ್ಯವಾಯಿತು. "ಅಂಚಿನ ಮೇಲೆ ಸುಳ್ಳು ಬರೆಯಬಾರದು. ಕಲ್ಲಿನ ಅಂಚಿನಲ್ಲಿ ತಪ್ಪು ನಂಬರ್ ಹಾಕಿದವನನ್ನು ನಮ್ಮಲ್ಲಿ ಯಾರೂ ಮತ್ತೆ ಯಂತ್ರಕ್ಕೆ ಕೂರಿಸುವುದಿಲ್ಲ."

"ಮುಖದ ಮೇಲೆ ಬರೆಯಬಹುದೋ?"

ಭೂಪತ್ ಕಪಾಟಿನ ಬೀಗದಕೈಯನ್ನು ಮೇಜಿನ ಮೇಲಿಟ್ಟ. ಕೋಣೆಯ ಕಪಾಟಿನಲ್ಲಿ ಇನ್ನೂ ಕೆಲವು ಕಾರ್ಡುಗಳು ಸಿಕ್ಕವು. ಒಂದೊಂದರ ಅಂಚಿನಲ್ಲೂ ಅದರದರ ನಿಜ ಇತ್ತು. ಎರಡನೇ ಪಂಚನಾಮೆ ಮುಗಿಸಿ ಅವನನ್ನು ಠಾಣೆಗೆ ಕರೆತಂದರು.

ವಿಚಾರಣೆಯಲ್ಲಿ ಭೂಪತ್ ಏನನ್ನೂ ಮುಚ್ಚಿಡಲಿಲ್ಲ. ವಜ್ರದ ಪೇಟೆ ಬಿದ್ದು, ಕೆಲಸ ವಾರಕ್ಕೆರಡು ದಿನಕ್ಕೆ ಇಳಿದಿತ್ತು. ಕೈ ಸುಮ್ಮನಿರಲಾರದೆ ಅಗ್ಗದ ಕಾರ್ಡ್ ತಂದು, ಹೆಚ್ಚು ಅಳತೆ ತೋರಿಸುವ ತಂತ್ರವನ್ನು ಯೂಟ್ಯೂಬಿನಲ್ಲಿ ಕಲಿತು, ಮೇಲಿನ ಅಕ್ಷರಗಳನ್ನು ತಾನೇ ಕೂತು ಬರೆದಿದ್ದ. ಮೊದಲನೆಯದನ್ನು ನೋಡಿ ಅಂಗಡಿಯವನು ಅಸಲಿಗಿಂತ ಚೆಂದ ಎಂದನಂತೆ.

"ಇಷ್ಟು ವರ್ಷ ಬರೆದೆ ಸಾಹೇಬ್. ನನ್ನ ಅಕ್ಷರ ಚೆಂದ ಅಂದವನು ಅವನೊಬ್ಬನೇ," ಎಂದ ಭೂಪತ್.

ಕಾರ್ಡ್ ಗುರುತಿಸಲು ವಿಂಧ್ಯಾ ಬಂದಿದ್ದಳು. ಬಯ್ಯಬೇಕೆಂದೇ ಬಂದವಳು, ಬಯ್ಯದೆ ಲ್ಯಾಪ್‌ಟಾಪನ್ನು ಅವನತ್ತ ತಿರುಗಿಸಿದಳು. ಮೆರವಣಿಗೆ, ಮರ, ಎಲೆ, ಇರುವೆ. ಭೂಪತ್‌ನ ಕೈ ತಾನಾಗಿ ಜೇಬಿನ ಐಗ್ಲಾಸಿಗೆ ಹೋಗಿ, ಜೇಬು ಖಾಲಿಯೆಂದು ತಿಳಿದು ಹಿಂದೆ ಬಂತು. ಪರದೆಗೆ ಮೂಗು ತಾಗುವಷ್ಟು ಬಾಗಿದ.

"ಕೈಯಲ್ಲಿ ಬರೆದದ್ದೇ ಬೆನ್? ಯಂತ್ರವಿಲ್ಲದೆ?"

"ಹೂಂ."

"ಬರೆದವನ ಹೆಸರೇನು?"

ವಿಂಧ್ಯಾ ಲ್ಯಾಪ್‌ಟಾಪ್ ಮುಚ್ಚಿದಳು. "ಕೊನೆಯ ಹಲಗೆಯ ಮೂಲೆಯಲ್ಲಿ ಬರೆದಿದ್ದ. ಬರಿಗಣ್ಣಿಗೆ ಓದಲಾಗದಷ್ಟು ಸಣ್ಣ. ಫೋಟೋ ತೆಗೆದುಕೊಂಡೆ, ಮನೆಗೆ ಹೋಗಿ ದೊಡ್ಡದು ಮಾಡಿ ಓದೋಣ ಅಂತ. ಅದೂ ಆ ಕಳೆದುಹೋದ ಮೂರು ಸಾವಿರದಲ್ಲೇ ಇತ್ತು."

ಸ್ವಾತಿಬೆನ್ ದಸ್ತಗಿರಿ ಮೆಮೊ ಮುಂದಿಟ್ಟು, ಸಹಿ ಹಾಕಬೇಕಾದ ಜಾಗ ತೋರಿಸಿದಳು. ಭೂಪತ್ ಪೆನ್ನು ಹಿಡಿದು, ತನ್ನ ಹೆಸರನ್ನು ಯಾರ ಬರಿಗಣ್ಣಿಗೂ ಕಾಣುವಷ್ಟು ದೊಡ್ಡದಾಗಿ ಬರೆದ.