ಎರಡು ಹಸಿ ಬಿದಿರು

"ಎರಡು ಹಸಿ ಬಿದಿರು ಬೇಕಾಗಿತ್ರಿ," ಎಂದಳು ಚಂದ್ರಮತಿ.

ಬಿದಿರು ಮೆಳೆಯ ಬುಡದಲ್ಲಿ ಕೊಡಲಿ ಮಸೆಯುತ್ತಿದ್ದ ಕಾಡಸಿದ್ದ ತಲೆ ಎತ್ತಿದ. ಎತ್ತಿದವನೇ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ. ಯಾವುದಕ್ಕೆ, ಎಷ್ಟು ಉದ್ದ, ಏನೂ ಕೇಳಲಿಲ್ಲ. ಎರಡು ಗಳ ಕಡಿದು, ಎಲೆ ಸವರಿ, ಅವಳ ಮುಂದೆ ಮೆಲ್ಲಗೆ ಇಟ್ಟ. ಅವಳು ಪರ್ಸು ತೆಗೆದರೆ ಕೈ ಹಿಂದೆ ಕಟ್ಟಿಕೊಂಡ.

"ಬ್ಯಾಡ್ರಿ. ಇದಕ್ಕ ರೊಕ್ಕ ತಗೊಳ್ಳೂದಿಲ್ಲ."

ಎಂಥ ಹುಚ್ಚನಪ್ಪಾ ಇವನು ಎಂದುಕೊಳ್ಳುವಷ್ಟರಲ್ಲಿ ಅವನ ತಾಯಿ ತಾರವ್ವ ಬಾಯಿಗೆ ಸೆರಗಿಟ್ಟುಕೊಂಡು ಓಡಿಬಂದಳು.

"ಯಾರ ಹೋದ್ರು, ಯವ್ವಾ?"

"ಯಾರೂ ಹೋಗಿಲ್ರಿ! ನಾನ ಬಂದೀನಿ, ನಿಪ್ಪಾಣಿಯಿಂದ!"

ಮೂವರೂ ಒಬ್ಬರ ಮುಖ ಒಬ್ಬರು ನೋಡಿದರು. ಮೊದಲು ನಕ್ಕವನು ಕಾಡಸಿದ್ದ. ಭೋಜ ಊರಿನ ಕಡೆ ಎರಡು ಹಸಿ ಬಿದಿರು ಎಂದರೆ ಒಂದೇ ಅರ್ಥ, ಚಟ್ಟಕ್ಕೆ. ಕೇಳುವವನು ಸಾವಿನ ಮಾತೆತ್ತುವುದಿಲ್ಲ, ಕೊಡುವವನು ತಲೆಯ ರುಮಾಲು ತೆಗೆಯುತ್ತಾನೆ, ರೊಕ್ಕ ಮುಟ್ಟುವುದಿಲ್ಲ. ಹೊರಟವನಿಗೆ 'ಹೋಗಿ ಬರ್ರಿ' ಅನ್ನುವುದಂತೂ ಇಲ್ಲವೇ ಇಲ್ಲ. ಅಂಥ ಕೆಲಸಕ್ಕೆ ಮತ್ತೆ ಯಾರು ಬರಬೇಕು!

ಚಂದ್ರಮತಿಗೆ ಬೇಕಿದ್ದದ್ದು ಮಣ್ಣು ಕೆತ್ತುವ ಚೂರಿಗೆ, ಅಂಚು ನಯಮಾಡುವ ಪಟ್ಟಿಗೆ. ಅಪ್ಪ ಧರೆಪ್ಪ ಗಡಿಗೆ ಮಾಡುವ ಕುಂಬಾರ. ಮಗಳು ಖಾನಾಪುರದಲ್ಲಿ ಕುಂಬಾರಿಕೆ ಟ್ರೇನಿಂಗ್ ಮುಗಿಸಿ ಬಂದು, ಮನೆಯ ಮುಂದಿನ ತಗಡಿನ ಶೆಡ್ಡಿಗೆ 'ಚಂದ್ರಮತಿ ಸ್ಟುಡಿಯೋ' ಎಂದು ಬೋರ್ಡು ಹಾಕಿ, ಚಹಾದ ಕಪ್ಪು, ಹೂದಾನಿ ಮಾಡುತ್ತಿದ್ದಳು. ದಿನಕ್ಕೊಬ್ಬರಾದರೂ ತಲೆ ಬಾಚಿಕೊಂಡು ಪಾಸ್‌ಪೋರ್ಟ್ ಫೋಟೋಕ್ಕೆ ಬರುತ್ತಿದ್ದರು. ಪೇಟೆಯ ಗಳದಿಂದ ಮಾಡಿದ ಚೂರಿಗಳೆಲ್ಲ ಹುಳ ಬಿದ್ದು ಪುಡಿಯಾಗುತ್ತಿದ್ದವು. ಭೋಜದ ಹೊಳೆದಂಡೆಯ ಬಿದಿರು ಗಟ್ಟಿ ಎಂದು ಯಾರೋ ಹೇಳಿದ್ದರು.

"ಅಮಾಸಿ ಮುಂದ ಕಡದ್ರ ಹುಳ ಬೀಳೂದಿಲ್ರಿ," ಎಂದ ಕಾಡಸಿದ್ದ. "ಹೊಳ್ಯಾಗ ನೆನಸಿ, ನೆರಳಾಗ ಒಣಗಸಬೇಕು."

"ನೆರಳಾಗ ಒಣಗಸೂದು ಕುಂಬಾರರ ಮಗಳಿಗೆ ಹೇಳಿಕೊಡ್ತೀರೇನ್ರಿ?"

ಅವನು ಕಿವಿಯವರೆಗೂ ಕೆಂಪಾದ. ಬಸ್ಸಿಗೆ ಹೊರಟವಳು ಊರ ಅಗಸೆಬಾಗಿಲ ತನಕ ಹೋಗಿ ತಿರುಗಿ ನಿಂತಳು.

"ಈಗರೆ ಅನ್ರಿ."

"ಏನ್ರಿ?"

"ಹೋಗಿ ಬರ್ರಿ ಅಂತ!"

"ಹೋಗಿ ಬರ್ರಿ," ಎಂದ ಅವನು, ನೆಲ ನೋಡುತ್ತಾ. ಆಮೇಲೆ ಕದ್ದು ಅವಳನ್ನೂ ನೋಡಿದ.

ಹೋದಳು, ಬಂದಳು. ಅಮಾವಾಸ್ಯೆಗೊಮ್ಮೆ ಬರುವವಳು ಹುಣ್ಣಿಮೆಗೂ ಬರತೊಡಗಿದಳು. ಅವಳು ಗಳ ಬಡಿದು ಸಪ್ಪಳ ಕೇಳುವಾಗ ಅವನು ಅವಳ ಬೆರಳು ನೋಡುತ್ತಿದ್ದ. ಉಗುರಿನ ಸಂದಿಯಲ್ಲಿ ಯಾವಾಗಲೂ ಮಣ್ಣು ಇರುತ್ತಿತ್ತು. ಹೋಗುವಾಗ ಅವನು 'ಹೋಗಿ ಬರ್ರಿ' ಅನ್ನದೆ ಅವಳು ಕಾಲು ಕೀಳುತ್ತಿರಲಿಲ್ಲ.

ಇಬ್ಬರ ನಡುವೆ ಒಂದು ಚಾಷ್ಟಿಯ, ತಮಾಷೆಯ ಮಾತು ಹುಟ್ಟಿತು. ಅವನನ್ನು ನೋಡಬೇಕೆನಿಸಿದರೆ ಚಂದ್ರಮತಿ ಭೋಜದ ಬಸ್ಸಿನ ಕಂಡಕ್ಟರನ ಕೈಲಿ ಹೇಳಿ ಕಳಿಸುವಳು: "ಕುಂಬಾರರ ಮನ್ಯಾಗ ಎರಡು ಹಸಿ ಬಿದಿರು ಬೇಕಂತ ಹೇಳ್ರಿ." ಮರುದಿನ ಕಾಡಸಿದ್ದ ಸೈಕಲ್ ಹೊಡೆದುಕೊಂಡು ಬಂದು, ಶೆಡ್ಡಿನ ಬಾಗಿಲಲ್ಲಿ ಮುಖ ಸಣ್ಣದು ಮಾಡಿ, "ಯಾರ ಹೋದ್ರು, ಯವ್ವಾ?" ಅನ್ನುವನು. ಅವಳು ಮಣ್ಣಿನ ಕೈಯಿಂದ ಬಾಯಿ ಮುಚ್ಚಿಕೊಂಡು ನಗುವಳು.

"ಆ ಮಾತ್ನ ಆಡಬ್ಯಾಡ್ರಿ," ಎಂದು ತಾರವ್ವ ಒಮ್ಮೆ ಬೈದಿದ್ದಳು. "ನೆಟ್ಟಗಿನ ಮಾತಲ್ಲ ಅದು." ಕೇಳುವ ವಯಸ್ಸೇ ಅದು?

ಧರೆಪ್ಪನಿಗೆ ಹುಡುಗ ಹಿಡಿಸಿದ್ದ. "ಕುರುಬರಾಂವಾದ್ರ ಏನಾತು, ಕೈ ಚಲೋ ಐತಿ," ಎಂದ. ತಾಯಿ ಕಾಶಿಬಾಯಿ ಬಾಯಿ ಬಿಟ್ಟು ಹೂಂ ಅನ್ನಲಿಲ್ಲ, "ದೀಪಾವಳಿ ಆಗಲಿ, ನೋಡೂಣು," ಎಂದಳು. ಚಂದ್ರಮತಿಗೆ ಅಷ್ಟೇ ಸಾಕಾಗಿತ್ತು.

ದೀಪಾವಳಿ ಬರಲಿಲ್ಲ. ಒಂದು ಮುಂಜಾನೆ ಮಣ್ಣು ತುಳಿಯುತ್ತಿದ್ದ ಧರೆಪ್ಪ ಎದೆ ಹಿಡಿದುಕೊಂಡು ಕುಳಿತ, ಏಳಲಿಲ್ಲ.

ಅಳುವಿನ ನಡುವೆ ಕಾಶಿಬಾಯಿಯೇ ಹೇಳಿದಳು, "ಭೋಜಕ್ಕ ಹೇಳಿ ಕಳಸ್ರಿ. ಅವರಿಗೆ ಆ ಹುಡುಗನ ಗಳಾನ ಪಸಂದ ಇತ್ತು." ಬೀಗರಿಗೆ ಸುದ್ದಿ ಮುಟ್ಟಿಸಲು ಲೂನಾದ ಮೇಲೆ ಹೊರಟಿದ್ದ ದಾಯಾದಿ ಬಾಳು, ಮೆಳೆಯ ಹತ್ತಿರ ಗಾಡಿಯನ್ನೂ ನಿಲ್ಲಿಸದೆ ಕೂಗಿದ: "ಕುಂಬಾರರ ಮನ್ಯಾಗ ಎರಡು ಹಸಿ ಬಿದಿರು ಬೇಕಂತ!" ಆ ಕಡೆ ಅದಕ್ಕಿಂತ ಹೆಚ್ಚು ಹೇಳುವ ಪದ್ಧತಿಯೇ ಇಲ್ಲವಲ್ಲ.

ಕಾಡಸಿದ್ದ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡ.

ಶೆಡ್ಡಿನಲ್ಲಿ ಅವಳಿರಲಿಲ್ಲ. ಮನೆಯ ಬಾಗಿಲು ತೆರೆದಿತ್ತು. ಹೊಸ್ತಿಲಿಗೆ ಬಂದು, ಒಳಗಿನ ಕತ್ತಲೆಗೆ ಕಣ್ಣು ಹೊಂದುವ ಮೊದಲೇ, ತುಟಿಯಲ್ಲಿ ನಗು ಹಿಡಿದುಕೊಂಡು ಕೂಗಿದ:

"ಯಾರ ಹೋದ್ರು, ಯವ್ವಾ?"

ಅಳು ನಿಂತಿತು. ಗೋಡೆಗೆ ಒರಗಿಸಿ ಕೂಡಿಸಿದ್ದ ಧರೆಪ್ಪ, ಅವನ ಕಾಲ ಬಳಿ ಚಂದ್ರಮತಿ, ಸುತ್ತಲೂ ಕುಂತ ಹೆಂಗಸರು. ಕಾಶಿಬಾಯಿ ಅವನ ನಗುವನ್ನೇ ನೋಡಿದಳು. ಯಾರೋ ಅವನ ರಟ್ಟೆ ಹಿಡಿದು ಹೊರಗೆ ದಬ್ಬಿದರು. ಅವನು ಸೈಕಲ್ ಅಲ್ಲೇ ಬಿಟ್ಟು ಓಡಿದ.

ಮಧ್ಯಾಹ್ನ ಹೊರಳುವ ಹೊತ್ತಿಗೆ ಯಾರದೋ ಟೆಂಪೋದಿಂದ ಇಳಿದ. ಹೆಗಲ ಮೇಲೆ ಎರಡು ಹಸಿ ಬಿದಿರು. ಬಾಗಿಲ ಹೊರಗೆ ಇಟ್ಟು, ನೆಲ ಮುಟ್ಟಿ ನಮಸ್ಕಾರ ಮಾಡಿ ಹೋದ. ಅವನಿಗೆ ಯಾರೂ ಹೋಗಿ ಬಾ ಅನ್ನಲಿಲ್ಲ.

ತಿಂಗಳು ಕಳೆದ ಮೇಲೆ ಚಂದ್ರಮತಿ ತಾಯಿಯ ಮುಂದೆ ಕುಳಿತು ಎಲ್ಲ ಹೇಳಿದಳು. ಚಾಷ್ಟಿ ಯಾರದು, ಹೇಗೆ ಹುಟ್ಟಿತು, ಒಂದನ್ನೂ ಮುಚ್ಚಿಡಲಿಲ್ಲ.

"ಹುಡುಗ ಕೆಟ್ಟಾಂವಲ್ಲ, ನನಗ ಗೊತ್ತೈತಿ," ಎಂದಳು ಕಾಶಿಬಾಯಿ. "ನೀ ಹೋಗೂದಾದ್ರ ಹೋಗು, ತಡಿಯೂದಿಲ್ಲ. ಆದ್ರ ಆ ದನಿ ಈ ಹೊಸ್ತಿಲದಾಗ ಮತ್ತ ಕೇಳಬಾರದವ್ವಾ. ನನ್ನ ಕೈಲಿ ಆಗೂದಿಲ್ಲ."

ಚಂದ್ರಮತಿ ಭೋಜಕ್ಕೆ ಹೋದಳು. ಮನೆ ಬಿಟ್ಟು ಬರುವುದಕ್ಕೂ ಮನಸ್ಸು ಗಟ್ಟಿ ಮಾಡಿಕೊಂಡೇ ಹೋದಳು. ಕಾಡಸಿದ್ದ ಸೊರಗಿದ್ದ. ಅವಳ ಮಾತು ಮುಗಿಯುವ ತನಕ ಬಿದಿರಿನ ಗೆಣ್ಣು ಕೆತ್ತುತ್ತಲೇ ಇದ್ದ.

"ನನ್ನ ಮಾರಿ ನೋಡಿದಾಗೆಲ್ಲ ನಿಮಗ ಅಪ್ಪನ ನೆನಪ ಆಗ್ತೈತ್ರಿ."

"ಆಗೂದಿಲ್ಲ."

"ನನಗ ಆಗಾಕತ್ತೈತಿ. ನಿಮ್ಮನ್ನ ಈಗ ನೋಡಿದ ಕೂಡ್ಲೆ ಆತು." ಕೈಯಲ್ಲಿದ್ದ ಗೆಣ್ಣು ಕೆಳಗಿಟ್ಟ. "ನಾವಿಬ್ಬರು ನಕ್ಕಿದ್ದು ಒಂದ ಮಾತಿಗೆ. ಅದ ಮಾತಿನ್ಯಾಗ ಅವ್ರನ್ನ ಕಳಸೀವಿ. ಇನ್ನ ಹೆಂಗ ನಗೂದ್ರಿ?"

"ನಗದನ ಇರೂಣಲ್ರಿ! ಎಲ್ಲಾರೂ ನಗತಾರೇನು ಸಂಸಾರದಾಗ?" ಅವಳು ಅಳುತ್ತಾ ಜಗಳಕ್ಕೇ ನಿಂತಳು.

"ನಿಮ್ಮನ್ನ ನಗದನ ಇಟ್ಕೊಂಡು ನಾ ಹೆಂಗ ಇರ್ಲಿ?"

ಅವನು ಎದ್ದು ಗುಡಿಸಲಿನಿಂದ ಒಂದು ಅರಿವೆಯ ಗಂಟು ತಂದ. ನೆರಳಲ್ಲಿ ಒಣಗಿಸಿದ ಬಿದಿರಿನ ಚೂರಿ, ಪಟ್ಟಿ, ಎಲ್ಲ ಅವಳ ಬೆರಳಿನ ಅಳತೆಗೆ ಕೆತ್ತಿದ್ದವು. ಒಂದು ಜನ್ಮಕ್ಕೆ ಸಾಕಾಗುವಷ್ಟಿದ್ದವು.

ಏನು ಮಾಡಬೇಕೆಂದು ತಿಳಿಯದೆ ಅವಳು ಪರ್ಸು ತೆಗೆದಳು. ಯಾವಾಗಲೂ ತೆಗೆಯುತ್ತಿದ್ದಳು, ಅವನು ಯಾವಾಗಲೂ ಚೌಕಾಸಿ ಮಾಡಿ ಕಾಡಿಸಿ ತೆಗೆದುಕೊಳ್ಳುತ್ತಿದ್ದ. ಇವತ್ತು ಅವನು ಕೈ ಹಿಂದೆ ಕಟ್ಟಿಕೊಂಡ.

"ಬ್ಯಾಡ್ರಿ," ಎಂದ. "ಇದಕ್ಕ ರೊಕ್ಕ ತಗೊಳ್ಳೂದಿಲ್ಲ."

ಚಂದ್ರಮತಿಗೆ ಅರ್ಥವಾಯಿತು. ಆದರೂ ಅಗಸೆಯ ತನಕ ಹೋಗಿ ತಿರುಗಿ ನಿಂತಳು. ನಿಪ್ಪಾಣಿ ಬಸ್ಸು ಬಂದು ಹಾರ್ನ್ ಹೊಡೆಯಿತು, ಕಂಡಕ್ಟರ್ ಲಗೂ ಲಗೂ ಎಂದು ಕರೆದ. ಅವಳು ಗಂಟನ್ನು ಎದೆಗವಚಿಕೊಂಡು ಕಾದೇ ಕಾದಳು.

ಕಾಡಸಿದ್ದ ರುಮಾಲು ತೆಗೆದು ಹೆಗಲಿಗೆ ಹಾಕಿಕೊಂಡ. ಹೋಗಿ ಬರ್ರಿ ಅನ್ನಲಿಲ್ಲ.