ಚೌಕಗಳೊಳಗಿನ ಮಾತು

ಯಂತ್ರ ಸಣ್ಣಗೆ ಗುಂಯ್‌ಗುಡುತ್ತ ಒಂದು ಸತ್ತ ಫೋನನ್ನು ಓದುತ್ತಿತ್ತು. ಪರದೆಯ ಮೇಲೆ ಸಾಲುಸಾಲು ಖಾಲಿ ಚೌಕಗಳು. ಒಂದೊಂದೇ ಚೌಕ ಅಲುಗಾಡಿ ಕನ್ನಡದ ಅಕ್ಷರವಾಗಿ ನಿಲ್ಲುತ್ತಿತ್ತು. ‘ಬರುವಾಗ ಹಾಲು ತರ್ರಿ, ಹೆಪ್ಪಿಗೂ ಇಲ್ಲ’ ಎಂದು ನಲವತ್ತು ವರ್ಷಗಳ ಹಿಂದೆ ಯಾರದೋ ಹೆಂಡತಿ ಬರೆದಿದ್ದಳು. ನೆರೆದವರೆಲ್ಲ ನಕ್ಕರು. ಶ್ರೀಪಾದ ಇನಾಮದಾರರು ಮಾತ್ರ ನಗಲಿಲ್ಲ. ಆ ಯಂತ್ರವನ್ನು ಕಟ್ಟಿದ ವಿಜ್ಞಾನಿ ಅವರೇ.

ಅದು 2052ನೆಯ ಇಸವಿ. ಧಾರವಾಡದ ಹಳೆಯ ಫೋನುಗಳ ಸಂಗ್ರಹಾಲಯದಲ್ಲಿ, ಮೊದಮೊದಲ ಸ್ಮಾರ್ಟ್‌ಫೋನುಗಳಲ್ಲಿ ಏನೇನಿರಲಿಲ್ಲ ಎಂದು ಹೇಳುವುದಕ್ಕೇ ಒಂದು ಗೋಡೆ ಇತ್ತು. ಒಂದರಲ್ಲಿ ಬರೆದದ್ದನ್ನು ನಕಲು ಮಾಡಿ ಅಂಟಿಸಲು ಬರುತ್ತಿರಲಿಲ್ಲ. ಇನ್ನೊಂದರಲ್ಲಿ ವಿಡಿಯೋ ಇಲ್ಲ. ಮುಂದೆ ಕ್ಯಾಮೆರಾ ಇಲ್ಲದ ಫೋನನ್ನು ತಿರುವಿ ಹಿಡಿದು, ಅಂದಾಜಿನ ಮೇಲೆ ಗುಂಡಿ ಒತ್ತಿ, ಜನ ತಮ್ಮ ಅರ್ಧ ಕಿವಿಯ ಫೋಟೋ ತೆಗೆದುಕೊಳ್ಳುತ್ತಿದ್ದರಂತೆ. ಇವೆಲ್ಲ ನಗುವ ಸಂಗತಿಗಳೇ. ಗೋಡೆಯ ಕೊನೆಯ ಸಾಲನ್ನು ಮಾತ್ರ ಇನಾಮದಾರರು ಕಣ್ಣೆತ್ತಿ ನೋಡುತ್ತಿರಲಿಲ್ಲ. ಕೆಲವು ಸ್ಮಾರ್ಟ್‌ಫೋನುಗಳಲ್ಲಿ ಕನ್ನಡದ ಅಕ್ಷರಗಳೇ ಇರಲಿಲ್ಲ. ಅಗ್ಗದ ಗುಂಡಿ ಫೋನಿನಿಂದ ಕನ್ನಡದಲ್ಲಿ ಕಳಿಸಿದ ಸಂದೇಶ ಆ ದುಬಾರಿ ಫೋನಿನಲ್ಲಿ ಬರೀ ಚೌಕಗಳಾಗಿ ಕಾಣುತ್ತಿತ್ತು.

ಹಾಗೆ ಮಾಡಿದವರಲ್ಲಿ ಇನಾಮದಾರರೂ ಒಬ್ಬರು. ಮೂವತ್ತರ ಹರೆಯದಲ್ಲಿ ಒಂದು ಫೋನು ಕಂಪನಿಯಲ್ಲಿದ್ದಾಗ, ಜಾಗ ಸಾಲದೆಂದು ಕನ್ನಡದ ಅಕ್ಷರಗಳನ್ನು ಕಿತ್ತುಹಾಕಿ ಹನ್ನೆರಡು ರಿಂಗ್‌ಟೋನು ತುಂಬಿದ್ದರು. ಸ್ಮಾರ್ಟ್‌ಫೋನು ಕೊಳ್ಳುವವನಿಗೆ ಕನ್ನಡ ಯಾಕೆ ಎಂದು ಸಭೆಯಲ್ಲಿ ಹೇಳಿ ಚಪ್ಪಾಳೆಯನ್ನೂ ಗಿಟ್ಟಿಸಿದ್ದರು. ಅದೇ ಸಂಜೆ ಮನೆಗೆ ಬಂದು ತಾಯಿಯ ಹತ್ತಿರ ಕನ್ನಡದಲ್ಲೇ ಮಾತಾಡಿದ್ದರು ನೋಡಿ, ಅದು ನೆನಪಾದರೆ ಈಗಲೂ ಅವರಿಗೆ ಮುಖ ಮುಚ್ಚಿಕೊಳ್ಳುವಷ್ಟು ನಾಚಿಕೆ.

ಆ ತಪ್ಪಿಗೆ ಪ್ರಾಯಶ್ಚಿತ್ತವೆಂದೇ ಅವರು ‘ಅಕ್ಷರಶೋಧಕ’ವನ್ನು ಕಟ್ಟಿದ್ದರು. ಫೋನು ಸತ್ತರೂ ಅದರ ನೆನಪಿನ ಬಿಲ್ಲೆಯಲ್ಲಿ, ಅಂದರೆ ಮೆಮೊರಿ ಚಿಪ್ಪಿನಲ್ಲಿ, ವಿದ್ಯುತ್ತಿನ ಅತಿ ಸಣ್ಣ ಕುರುಹು ಉಳಿದಿರುತ್ತದೆ. ಈ ‘ಶೇಷವಿದ್ಯುತ್ತ’ನ್ನು ಅಳೆದು, ಅಳಿದುಹೋದ ಸಂದೇಶವನ್ನು ಮತ್ತೆ ಹೊಂದಿಸುವುದು ಯಂತ್ರದ ಕೆಲಸ.

ಅಂದು ಜನ ಚದುರಿದ ಮೇಲೆ ಒಬ್ಬ ಹೆಂಗಸು ಉಳಿದರು. ನಿವೃತ್ತ ನರ್ಸು ಕಸ್ತೂರಿ ಕಮ್ಮಾರ, ವಯಸ್ಸು ಅರವತ್ತೆಂಟು. ಅವರು ಮುಂದಿಟ್ಟ ಫೋನನ್ನು ಕಂಡೊಡನೆ ಇನಾಮದಾರರಿಗೆ ಗುರುತು ಹತ್ತಿತು. ಅದು ತಮ್ಮದೇ ಕಂಪನಿಯದು.

“ನವಲಗುಂದದಾಗ ನಮ್ಮಣ್ಣ ಕಾಳಪ್ಪ ಹಾಸಿಗಿ ಹಿಡದಾನ್ರಿ ಸರ. ಈ ಸಲ ಏಳೂದಿಲ್ಲ ಅಂದಾರ ಡಾಕ್ಟರು. ನಿನ್ನೆ ನನ್ನ ಕೈ ಹಿಡಕೊಂಡು ಕೇಳಿದ, ‘ಆ ಮೆಸೇಜ್ ಓದಿನೂ ನಾಗರ ಪಂಚಮಿಗೆ ಬಂದ್ಯಲ್ಲವಾ, ಖರೇನ ಮನಸಿನಿಂದ ಮಾಫ್ ಮಾಡೀಯೇನು’ ಅಂತ. ನಾ ಏನ ಹೇಳ್ಲಿ? ನಲವತ್ತ ವರ್ಷದ ಹಿಂದ ಈ ಫೋನಿಗೆ ಬಂದಿದ್ದ ಅದನ್ನ ನಾ ಓದೇ ಇಲ್ಲ.”

“ಓದದ ಹೆಂಗ ಹೋದಿರಿ ಮತ್ತ?”

“ಬರೀ ಡಬ್ಬಿ ಡಬ್ಬಿ ಬಂದಿದ್ವು. ಪಂಚಮಿ ಇನ್ನೂ ಎಂಟು ದಿನ ಇತ್ತು. ಪಂಚಮಿ ಮುಂದ ಅಣ್ಣ ತಂಗಿಗೆ ಮತ್ತೇನ ಬರೀತಾನ್ರಿ? ತವರಮನಿಗೆ ಬಾ ಅಂತನ ಬರದಾನ ಅನಕೊಂಡು ಚೀಲ ತುಂಬಕೊಂಡು ಹೋದೆ. ಬಾಗಲದಾಗ ನನ್ನ ನೋಡಿ ಅಳಾಕತ್ತ. ಅವ್ವ ತೀರಿಹೋಗಿ ತಿಂಗಳಾಗಿತ್ತು, ಅದಕ್ಕ ಅಳತಾನ ಅನಕೊಂಡೆ. ಅವತ್ತಿನಿಂದ ಕಂಡಕಂಡವರ ಮುಂದ ನನ್ನ ತಂಗಿ ದೊಡ್ಡ ಮನಸಿನಾಕಿ ಅಂತ ಹೇಳಕೋತ ಬಂದಾನ. ಯಾಕ ಅಂತ ನಾ ಒಮ್ಮಿನೂ ಕೇಳಲಿಲ್ಲ. ಹೊಗಳಿಸಿಕೊಂಡು ಕುಂತೆ.”

“ಈಗರೆ ಅವರನ್ನ ಕೇಳಬಹುದಿತ್ತಲ್ಲ.”

“ಸಾಯೂವನ ಬಾಯಿಂದ ಅದನ್ನ ಮತ್ತ ಹೆಂಗ ಹೇಳಸಲಿ ಸರ? ಏನಂತ ಗೊತ್ತಿಲ್ಲದ ಮಾಫ್ ಮಾಡೀನಿ ಅಂದ್ರ ಸುಳ್ಳ ಆಕ್ಕೈತಿ. ನನಗ ಆಗವಲ್ದು.”

ಇನಾಮದಾರರು ಫೋನನ್ನು ಯಂತ್ರದೊಳಗಿಟ್ಟರು. ಪರದೆ ಅವರ ಕಡೆಗಿತ್ತು. ಅರ್ಧ ಗಂಟೆಯ ಮೇಲೆ ಚೌಕಗಳು ಅಕ್ಷರಗಳಾದವು.

‘ಅವ್ವನ್ನ ಕೊಂದಾಕಿ ನೀನು. ದೊಡ್ಡ ದವಾಖಾನಿ ಅಂತ ಒಯ್ದು ಕೊಂದಿ. ಪಂಚಮಿಗೆ ಬಂದು ಮಾರಿ ತೋರಿಸಬ್ಯಾಡ. ನನಗ ತಂಗಿ ಇಲ್ಲ.’

ಇನಾಮದಾರರು ಓದಿ ಮುಗಿಸಿದರು. ಒಂದು ಗುಂಡಿ ಒತ್ತಿದರೆ ಇದೆಲ್ಲ ಮತ್ತೆ ಚೌಕಗಳಾಗುತ್ತಿತ್ತು. ಫೋನು ಪೂರ್ತಿ ಹಾಳಾಗಿದೆ ಎಂದರೆ ಆ ಹೆಂಗಸು ನಂಬಿಕೊಂಡು ಹೋಗುತ್ತಿದ್ದರು. ಬೆರಳು ಗುಂಡಿಯವರೆಗೆ ಹೋಯಿತು ಕೂಡ. ಆದರೆ ಕೊಂಡವರಿಗೆ ಕನ್ನಡ ಬೇಡ ಎಂದು ಒಮ್ಮೆ ತಾವೇ ತೀರ್ಮಾನಿಸಿದ್ದಕ್ಕಲ್ಲವೇ ಇಷ್ಟು ವರ್ಷ ಒದ್ದಾಡಿದ್ದು? ಅವರು ಪರದೆಯನ್ನು ಆಕೆಯ ಕಡೆಗೆ ತಿರುಗಿಸಿದರು.

ಕಸ್ತೂರಿ ಎರಡು ಸಲ ಓದಿದರು.

“ಒಯ್ದಾಕಿ ನಾನ, ಖರೆ,” ಎಂದರು. “ಇದನ್ನ ಅವತ್ತ ಓದಿದ್ರ ನಾ ಹೋಗತಿದ್ದಿಲ್ಲ. ಪಂಚಮಿಗಷ್ಟ ಅಲ್ಲ, ಎಂದೂ ಹೋಗತಿದ್ದಿಲ್ಲ.”

ಇನಾಮದಾರರಿಗೆ ಇನ್ನು ತಡೆಯಲಾಗಲಿಲ್ಲ. “ಅಕ್ಕಾರ, ಆ ಫೋನಿನಾಗ ಕನ್ನಡ ತಗದು ಹಾಕಿದಾವ ನಾನು. ನನ್ನಿಂದ ಎಷ್ಟ ಮಂದಿಯ ಮಾತು ಮುಟ್ಟಲಿಲ್ಲೋ ಅಂತ ಕೊರಗಿ ಈ ಯಂತ್ರ ಕಟ್ಟೀನಿ. ತಗದದ್ದು ತಪ್ಪೋ, ಈಗ ಓದಿಸಿದ್ದು ತಪ್ಪೋ, ನನಗ ತಿಳಿವಲ್ದು.”

“ನನಗೂ ತಿಳಿವಲ್ದು ಸರ,” ಎಂದರು ಕಸ್ತೂರಿ. ಬೈಯಲೂ ಇಲ್ಲ, ಸಮಾಧಾನವನ್ನೂ ಹೇಳಲಿಲ್ಲ.

ಅಷ್ಟರಲ್ಲಿ ಕಸ್ತೂರಿಯವರ ಮಣಿಕಟ್ಟಿನ ಕೈಪಟ್ಟಿಗೆ ಫೋನು ಕರೆ ಬಂತು. ಕಾಳಪ್ಪನ ಮಗಳ ದನಿ. “ಅತ್ತಿ, ಅಪ್ಪ ನಿನ್ನನ್ನ ಕೇಳಾಕತ್ತಾನ. ಬರತಿ ಹೌದಲ್ಲೊ?”

ಕಸ್ತೂರಿ ಪರದೆಯನ್ನು ಮತ್ತೊಮ್ಮೆ ಓದಿದರು. ಇನಾಮದಾರರು ಅವರ ಮುಖವನ್ನೇ ನೋಡಿದರು. ಈಕೆ ಈಗ ಬರುವುದಿಲ್ಲ ಎಂದರೆ, ಅಣ್ಣ ಎಂದೋ ಸಿಟ್ಟಿನಲ್ಲಿ ಆಡಿದ ಮಾತು ಇವತ್ತು ತಮ್ಮ ಕೈಯಿಂದಲೇ ನಡೆದುಹೋದಂತೆ.

“ಅತ್ತಿ, ಕೇಳಸಾಕತ್ತೈತಿಲ್ಲೊ?”

ಕಸ್ತೂರಿ ಸೆರಗಿನಿಂದ ಮುಖ ಒರೆಸಿಕೊಂಡು ಎದ್ದರು.

“ಅವತ್ತಿನ ಮೆಸೇಜ್ ನಾ ಇವತ್ತ ಓದಿದೆ ಅಂತ ಅಪ್ಪಗ ಹೇಳವಾ. ಓದಿ ಬರಾಕತ್ತೀನಿ ಅಂತ ಹೇಳು.”