ಕಾರ್ವರ್ ಕ್ರೀಕಿನಲ್ಲಿ ಸರಿದ ಬಿಳಿ ಪಟ್ಟಿ

ಪಿಚರ್ ಟೇಯಾ ಎಸೆದ ಚೆಂಡು ಮತ್ತೊಮ್ಮೆ ಬ್ಯಾಟಿನವರೆಗೂ ಹೋಗದೆ ನೆಲ ಕಚ್ಚಿದಾಗ ಕೋಚ್ ಹೊಲಿಸ್ ಪ್ರೂಯಿಟ್ ಟೋಪಿ ತೆಗೆದು ತೊಡೆಗೆ ಬಡಿದುಕೊಂಡ. ಒಕ್ಲಹೋಮದ ಕಾರ್ವರ್ ಕ್ರೀಕಿನ ಹುಡುಗಿಯರ ಸಾಫ್ಟ್‌ಬಾಲ್ ತಂಡ ಅವನದು. ಬೇಸಿಗೆಯುದ್ದಕ್ಕೂ ಅಪ್ಪ ಅಮ್ಮಂದಿರು ವಾರಾಂತ್ಯಕ್ಕೊಂದು ಊರಿಗೆ ವ್ಯಾನು ಓಡಿಸಿ ಬೆಳೆಸಿದ ತಂಡ. ಸ್ವಂತ ಮೈದಾನದ ಈ ಫೈನಲ್ ಗೆದ್ದರೆ ಮೊದಲ ಸಲ ರಾಜ್ಯ ಪಂದ್ಯಾವಳಿ.

"ಅವಳ ಕೈಲಿ ಆಗಲ್ಲ ಕೋಚ್. ನಮ್ ಬ್ರಿನ್‌ನ ಕಣಕ್ಕಿಳಿಸಿ," ಎಂದ ಸಹಾಯಕ ಕೋಚ್ ಡೆರಿಲ್, ಮೊಣಕಾಲಿಗೆ ಮೆತ್ತಿದ್ದ ಕೆಂಪು ಕೆಸರನ್ನು ಕೆರೆಯುತ್ತ. ಮೈದಾನದಲ್ಲಿ ಗಾಳಿಗೆ ಧೂಳೇಳುತ್ತಿತ್ತು.

ಎದುರಾಳಿ ಪಿಚರ್ ಎಸೆದ ಚೆಂಡುಗಳೂ ಹಾಗೆಯೇ ಬ್ಯಾಟು ಮುಟ್ಟುವ ಮೊದಲೇ ಬಿದ್ದವು. ಆದರೆ ಹೊಲಿಸ್ ಟೇಯಾಳ ಬದಲು ಇಳಿಸಿದ ಡೆರಿಲ್‌ನ ಮಗಳು ಬ್ರಿನ್ ಎಸೆದ ಮೊದಲ ಚೆಂಡೇ ಕ್ಯಾಚರ್‌ಳ ಕೈಗವಸಿಗೆ ಪಟ್ಟೆಂದು ಬಡಿಯಿತು. ಜನ ಕುಣಿದರು, ಬ್ರಿನ್ ನಗಲಿಲ್ಲ.

ಹೊಲಿಸ್ ಬೇಲಿಯಾಚೆ ಮಡಚುವ ಕುರ್ಚಿಯಲ್ಲಿದ್ದ ರೊವೀನಾ ಟಟಲ್ ಬಳಿಗೆ ಓಡಿದ. ಪೊಲೀಸ್ ಪತ್ತೇದಾರಿಕೆಯಿಂದ ನಿವೃತ್ತಳಾದ ಅವಳು ಊರಿನ ಯಾವ ಕಳ್ಳತನವನ್ನೂ ಪತ್ತೆ ಮಾಡದೆ ಬಿಟ್ಟವಳಲ್ಲ.

"ಟೇಯಾಗೆ ಏನಾಗಿದೆ ಹೇಳಿ ರೊವೀನಾ!"

"ಅವಳಿಗೇನೂ ಆಗಿಲ್ಲ ಕಣಯ್ಯ. ಅಂಪೈರ್‌ಗೆ ಹೇಳಿ ಆಟ ನಿಲ್ಸು. ಅಳತೆ ಟೇಪು ತಾ."

ಅಳೆದು ನೋಡಿದರೆ, ಪಿಚರ್ ನಿಲ್ಲುವ ಬಿಳಿ ರಬ್ಬರ್ ಪಟ್ಟಿ ಒಂದು ಗಜ ಹಿಂದೆ ಸರಿದಿತ್ತು. ರೊವೀನಾ ಅದರ ಅಂಚಿನ ಮಣ್ಣನ್ನು ಬೆರಳಲ್ಲಿ ಉಜ್ಜಿ ನೋಡಿ, ಎಲ್ಲರನ್ನೂ ತಂಡದ ಬೆಂಚಿನ ಬಳಿ ಕೂಡಿಸಿದಳು.

"ಇದು ದೊಡ್ಡ ಹುಡುಗಿಯರ ಆಟಕ್ಕೆ ಪಟ್ಟಿ ಕೂರಿಸೋ ಗುಳಿ, ನಮ್ಮವರದು ಇದಕ್ಕಿಂತ ಮುಂದಿನದು. ಹೊಲಿಸ್, ನಿನ್ನೆ ಪಟ್ಟಿ ಎಲ್ಲಿತ್ತು?"

"ಸರಿಯಾದ ಗುಳೀಲೇ. ನಾನೇ ಕೂರಿಸಿ ಗೇಟಿಗೆ ಬೀಗ ಹಾಕ್ದೆ. ಕೀಲಿ ಇರೋದು ನನ್ನ ಹತ್ರ, ಡೆರಿಲ್ ಹತ್ರ ಅಷ್ಟೆ."

"ಎದುರು ತಂಡದವರ ಮೇಲೆ ಅನುಮಾನ ಬೇಡ, ಅವರ ಪಿಚರ್ ಕೂಡ ಒದ್ದಾಡಿದಳು. ಸರಿದ ಪಟ್ಟಿಯ ಸುತ್ತಲೇ ಸುಣ್ಣದ ಗೆರೆಯನ್ನೂ ಹೊಸದಾಗಿ ಎಳೆದದ್ದರಿಂದ ಅಂಪೈರ್ ಕಣ್ಣೂ ತಪ್ಪಿತು. ಲಾಭ ಆದದ್ದು ಒಬ್ಬಳಿಗೇ. ಇನ್ನು ಮಣ್ಣು. ಮೇಲೆಲ್ಲ ಪುಡಿ, ಗುಳಿ ಅಗೆದರೆ ಮಾತ್ರ ಒದ್ದೆ. ಡೆರಿಲ್, ನಿನ್ನ ಮೊಣಕಾಲಿಗೆ ಆ ಕೆಸರು ಎಲ್ಲಿಂದ ಬಂತಪ್ಪಾ?"

"ಬೆಳಿಗ್ಗೆ... ಜಾರಿ ಬಿದ್ದೆ."

"ಸುಳ್ಳು ಹೇಳ್ಬೇಡಪ್ಪಾ!" ಬ್ರಿನ್ ಅಪ್ಪನೆದುರು ಬಂದು ನಿಂತಳು. "ತಿಂಗಳಿಂದ ಹಿತ್ತಲಲ್ಲಿ ನೀನು ನನ್ ಕೈಲಿ ಅಷ್ಟು ದೂರದಿಂದಲೇ ಎಸೆಸ್ತಿದ್ದೆ. ಯಾಕೆ ಅಂತ ಈಗ ಗೊತ್ತಾಯ್ತು."

"ಇಡೀ ಬೇಸಿಗೆ ನೀನು ಬೆಂಚಲ್ಲೇ ಕೂತೆ ಮಗಳೇ. ನೋಡೋಕಾಗ್ಲಿಲ್ಲ," ಎಂದ ಡೆರಿಲ್ ತಲೆ ತಗ್ಗಿಸಿ. ಕೀಲಿಯನ್ನು ಹೊಲಿಸ್‌ನ ಕೈಗಿಟ್ಟು ಗೇಟು ದಾಟಿ ಹೋದ.

ಅಂಪೈರ್ ಪಟ್ಟಿ ಸರಿಪಡಿಸಿ, ಆಟ ಮೊದಲಿಂದ ಎಂದು ಸಾರಿದ. ಬ್ರಿನ್ ಚೆಂಡನ್ನು ಟೇಯಾಳ ಮುಂದೆ ಹಿಡಿದಳು.

"ತಗೊಳ್ಳೇ. ನಿನ್ ಕೈ ಚೆನ್ನಾಗೇ ಇದೆ."

"ನಿನಗೆ ಎಸೆಯೋ ಆಸೆ ಇಲ್ವೇನಮ್ಮ?" ಎಂದು ಕೇಳಿದ ಹೊಲಿಸ್.

"ತುಂಬಾ ಇದೆ ಕೋಚ್. ನ್ಯಾಯವಾಗಿ ಬರ್ಲಿ."

ಟೇಯಾ ಚೆಂಡು ತೆಗೆದುಕೊಂಡಳು. ಎರಡನೇ ಬೇಸಿನ ಪಕ್ಕ ಹೊಲಿಸ್ ಬ್ರಿನ್‌ಳನ್ನು ನಿಲ್ಲಿಸಿದ. ಎದುರಾಳಿಗಳ ಕೊನೆಯ ಹೊಡೆತ ನೆಲಕ್ಕಂಟಿ ಸಿಡಿದು ಬಂದಾಗ ಅವಳು ಅಡ್ಡ ಬಿದ್ದು ಹಿಡಿದಳು, ಮಂಡಿಯಲ್ಲೇ ಕೂತು ಮೊದಲ ಬೇಸಿಗೆ ಎಸೆದಳು. ಔಟ್! ಫೈನಲ್ ಗೆದ್ದಾಯಿತು. ಟೇಯಾ ಓಡಿಬಂದು ಅವಳನ್ನೇ ಎತ್ತಿಕೊಂಡಳು.

"ಯಾರ ಮಗಳಪ್ಪಾ ಅದು?" ಎಂದ ಬೇರೆ ಊರಿನವನೊಬ್ಬ.

"ನಮ್ಮೂರಿನವಳು ಸ್ವಾಮಿ," ಎಂದ ಹೊಲಿಸ್, ಎದೆಯುಬ್ಬಿಸಿ. "ಕಾರ್ವರ್ ಕ್ರೀಕಿನವಳು."